ಡೇಲಿಯವರ ದೋಣಿಗೆ ಬಣ್ಣ

ಶ್ಯಾನನ್ ಹಾರ್ಬರ್, ಆಫಲಿ ಕೌಂಟಿ
12 ಏಪ್ರಿಲ್ 2020

ಪ್ರೀತಿಯ ಅತ್ತೆ,

ನಿಮ್ಮ ಸೊಸೆ ದೋಣಿಯಲ್ಲಿ ಕೂತು ಕಾಗದ ಬರೆಯುತ್ತಿದ್ದಾಳೆ, ನಗಬೇಡಿ. ಫೋನಿನಲ್ಲಿ ನಿಮಗೆ ನನ್ನ ಮಾತು ಕೇಳುವುದಿಲ್ಲ. ನೀವು "ಹಾಂ? ಹಾಂ?" ಅನ್ನುವುದು, ನಿಮ್ಮ ಮಗ ಹರ್ಷ ಪಕ್ಕದಿಂದ ಕಿರುಚುವುದು, ಅಷ್ಟರಲ್ಲಿ ನನ್ನ ಡ್ಯೂಟಿಯ ಹೊತ್ತಾಗುವುದು. ಊಟವಾಯಿತೇ, ಆಯಿತು ಎನ್ನುವುದಕ್ಕಿಂತ ಮುಂದೆ ನಮ್ಮ ಮಾತು ಹೋಗಿಯೇ ಇಲ್ಲ. ಕಾಗದವೇ ವಾಸಿ ಅನಿಸಿತು.

ಆಸ್ಪತ್ರೆಯ ಹತ್ತಿರ ನಾನಿದ್ದ ಬಾಡಿಗೆ ಮನೆಯಲ್ಲಿ ಉಳಿದವರಿಗೆ ನಾನು ಐಸಿಯು ಡಾಕ್ಟರ್ ಎಂಬುದೇ ಭಯವಾಗಿತ್ತು. ಅವರದು ತಪ್ಪೆನ್ನಲಾರೆ, ನನಗೇ ನನ್ನನ್ನು ಕಂಡರೆ ಭಯ. ದಿನಕ್ಕೆ ಎಷ್ಟೋ ಕೊರೋನಾ ರೋಗಿಗಳ ಗಂಟಲಿಗೆ ಉಸಿರಿನ ಕೊಳವೆ ಇಳಿಸುತ್ತೇನೆ. ಲೂಕನ್‌ನ ನಮ್ಮ ಮನೆಗೆ ಬರೋಣವೆಂದರೆ ನೀವಿದ್ದೀರಿ, ಎಪ್ಪತ್ತು ದಾಟಿದ ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಎಲ್ಲಿಗೆ ಹೋಗಲಿ ಎಂದು ತಲೆಕೆಡಿಸಿಕೊಂಡಿದ್ದಾಗ ಆಸ್ಪತ್ರೆಯ ಕ್ಯಾಂಟೀನಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದು ಕಾಣಿಸಿತು. ದೋಣಿ ಇದೆ, ಒಲೆ ಇದೆ, ಹಾಸಿಗೆ ಇದೆ, ಡಾಕ್ಟರೋ ನರ್ಸೋ ಯಾರಾದರೂ ಬನ್ನಿ, ಬಾಡಿಗೆ ಬೇಡ. ಕೆಳಗೆ ಬ್ರೀಡಾ ಡೇಲಿ ಎಂದು ಹೆಸರು.

ದೋಣಿ ಎಂದರೆ ತೆಪ್ಪವಲ್ಲ. ನಮ್ಮ ಮನೆಯ ಮುಂಬಾಗಿಲಿನಿಂದ ಹಿತ್ತಲ ಬೇಲಿಯವರೆಗೆ ಬರುವಷ್ಟು ಉದ್ದ, ಪೂರ್ತಿ ಕಬ್ಬಿಣ. ನೀವು ಮಾರ್ಚಿನಲ್ಲಿ ಮೊಮ್ಮಗಳು ನೀರಜಾ ಜೊತೆ ವಾಕಿಂಗ್ ಹೋದಿರಲ್ಲ, ಗ್ರ್ಯಾಂಡ್ ಕಾಲುವೆ, ಅದೇ ಕಾಲುವೆ ಇಲ್ಲಿಗೆ ಬಂದು ಶ್ಯಾನನ್ ನದಿಗೆ ಸೇರುತ್ತದೆ. ಮೊದಲು ಕುದುರೆಗಳು ದಡದ ಮೇಲೆ ನಡೆಯುತ್ತ ಈ ದೋಣಿಗಳನ್ನು ಎಳೆಯುತ್ತಿದ್ದವಂತೆ, ಆಮೇಲೆ ಎಂಜಿನ್ ಬಂತು. ಬ್ರೀಡಾ ಅವರ ಅಪ್ಪ ಒಲೆಗೆ ಹಾಕುವ ಟರ್ಫ್, ಅಂದರೆ ಜೌಗು ನೆಲದಿಂದ ಕಡಿದು ಒಣಗಿಸಿದ ಮಣ್ಣಿನ ಇಟ್ಟಿಗೆ, ಡಬ್ಲಿನ್‌ಗೆ ಒಯ್ದು ವಾಪಸು ಬರುವಾಗ ಬಿಯರ್ ಪೀಪಾಯಿ, ಹಿಟ್ಟು, ಸಕ್ಕರೆ ತರುತ್ತಿದ್ದರು. 1960ರಲ್ಲಿ ಸರಕು ಸಾಗಣೆ ನಿಂತುಹೋಯಿತು. ಸರಕು ತುಂಬುತ್ತಿದ್ದ ಜಾಗಕ್ಕೆ ಮಾಡು ಹಾಕಿಸಿ ಮನೆ ಮಾಡಿದ್ದು ಬ್ರೀಡಾ.

ಅವರಿಗೆ ಎಪ್ಪತ್ತೆಂಟು, ಮದುವೆಯಾಗಿಲ್ಲ. ದೋಣಿ ಕಟ್ಟಿರುವ ಕಟ್ಟೆಯ ಎದುರಿಗೇ ಮನೆ. ಬೆಳಿಗ್ಗೆ ಕಟ್ಟೆಯ ಮೇಲೆ ಬಿಸಿ ಬ್ರೆಡ್ ಇಟ್ಟು, ಕೋಲಿನಿಂದ ದೋಣಿಗೆ ಎರಡೇಟು ಹೊಡೆದು, ಹಿಂದೆ ಹಿಂದೆ ನಡೆದು ದೂರ ನಿಲ್ಲುತ್ತಾರೆ. ಬಾಡಿಗೆಯ ಮಾತೆತ್ತಿದರೆ, "ದುಡ್ಡು ಯಾರಿಗೆ ಬೇಕು? ಒಲೆ ಆರೋಕೆ ಬಿಡ್ಬೇಡ. ದೋಣಿ ತೇವ ಹಿಡಿದ್ರೆ ಸತ್ತ ಹಾಗೆ. ನೀನಿದ್ದೀಯಲ್ಲ, ಗ್ರ್ಯಾಂಡ್!" ಅನ್ನುತ್ತಾರೆ, ಎಲ್ಲ ಸರಿ ಎನ್ನುವುದಕ್ಕೆ ಇಲ್ಲಿನವರ ಮಾತು ಅದು. ಮೊನ್ನೆ ಡ್ಯೂಟಿ ಮುಗಿಸಿ ಬಂದಾಗ ಒಲೆ ಬೆಚ್ಚಗಿತ್ತು. ನಾನು ಇಲ್ಲದಾಗ ಅವರೇ ಬಂದು ಟರ್ಫ್ ಹಾಕಿ ಹೋಗಿದ್ದರು. ಕೂತು ಅತ್ತುಬಿಟ್ಟೆ ಅತ್ತೆ. ದುಃಖಕ್ಕಲ್ಲ.

ನಿಮ್ಮ
ಅಪರ್ಣಾ


ಲೂಕನ್
21 ಏಪ್ರಿಲ್ 2020

ಅಪರ್ಣಾ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ನಾನು ಕ್ಷೇಮ, ನಿನ್ನ ಮಗಳು ಕ್ಷೇಮ, ನಿನ್ನ ಗಂಡನ ಅಡುಗೆ ಮಾತ್ರ ಕ್ಷೇಮವಿಲ್ಲ. ನಿನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿ, ಮೀಟಿಂಗ್ ಇತ್ತಮ್ಮಾ ಎಂದ. ಉಪ್ಪಿಗೂ ಮೀಟಿಂಗಿಗೂ ಏನು ಸಂಬಂಧವೋ ಆ ಲ್ಯಾಪ್‌ಟಾಪಿನವರನ್ನೇ ಕೇಳಬೇಕು. ನೀರಜಾ ಇಡೀ ದಿನ ಇಂಗ್ಲಿಷಿನಲ್ಲಿ ನನ್ನ ಜೊತೆ ಮಾತಾಡುತ್ತಾಳೆ, ನಾನು ಕನ್ನಡದಲ್ಲಿ ಉತ್ತರ ಕೊಡುತ್ತೇನೆ. ನನಗೆ ಕಿವಿ ಕೇಳದಿರುವುದರಿಂದ ಇಬ್ಬರಿಗೂ ಜಗಳವಿಲ್ಲ.

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. ಆ ಬ್ರೀಡಾ ಯಾವ ಜನ್ಮದಲ್ಲಿ ನಮಗೆ ಏನಾಗಿದ್ದಳೋ. ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ನಿಮ್ಮೆಲ್ಲರ ಜೊತೆ ಅವಳ ಹೆಸರನ್ನೂ ಹೇಳುತ್ತೇನೆ. ದೇವರಿಗೆ ಗುರುತು ಸಿಗದಿದ್ದರೆ ಎಂದು "ಕಾಲುವೆ ದಡದ ಬ್ರೀಡಾ" ಎಂದೇ ಹೇಳುತ್ತೇನೆ.

ಆದರೆ ಒಂದು ಮಾತು. ಹರ್ಷನ ಫೋನಿನಲ್ಲಿ ನಿನ್ನ ದೋಣಿಯ ಫೋಟೋ ನೋಡಿದೆ. ಏನೇ ಅದು, ಎಮ್ಮೆಯ ಹಾಗೆ ಕರ್ರಗೆ! ಒಂದು ಹೂವಿಲ್ಲ, ಬಳ್ಳಿಯಿಲ್ಲ. ಮುಂದಿನ ತುದಿಯಲ್ಲಿ ಎಲ್ಲೋ ಸುಣ್ಣ ಸಿಡಿದ ಹಾಗೆ ನಾಲ್ಕು ಬಿಳಿ ಚೂರು. ನಿನ್ನ ಮಾವನವರ ಎರಡು ಲಾರಿ ಚಳ್ಳಕೆರೆಯಿಂದ ಕಡಲೆಕಾಯಿ ಎಣ್ಣೆ ಹೊತ್ತು ಮುಂಬೈಗೆ ಹೋಗುತ್ತಿದ್ದ ಕಾಲ ನಿನಗೆ ಗೊತ್ತಿಲ್ಲ. ಹಿಂದಿನ ಹಲಗೆಗೆ ಯಾವ ಹೂವು ಬರಬೇಕೆಂದು ನಾನು ಅಂಗಳದಲ್ಲಿ ರಂಗೋಲಿ ಬಿಡಿಸಿ ತೋರಿಸುತ್ತಿದ್ದೆ, ಪೇಂಟರ್ ಜಯರಾಮ ನೋಡಿಕೊಂಡು ಹಲಗೆಗೆ ಇಳಿಸುತ್ತಿದ್ದ. ಬಣ್ಣವಾಗದೆ ಗಾಡಿ ರಸ್ತೆಗೆ ಇಳಿದದ್ದೇ ಇಲ್ಲ. ಅನ್ನ ಕೊಡುವ ಗಾಡಿಯನ್ನು ಹಾಗೆ ಬೋಳಾಗಿ ಇಡುವುದುಂಟೇ? ಪಾಪ, ಅವಳಿಗೆ ಮಾಡಿಕೊಡುವವರು ಯಾರೂ ಇಲ್ಲವೇನೋ.

ಬಿಸಿ ನೀರು ಕುಡಿ.

ಲೀಲಾವತಿ


ಶ್ಯಾನನ್ ಹಾರ್ಬರ್
17 ಮೇ 2020

ಪ್ರೀತಿಯ ಅತ್ತೆ,

ಬ್ರೀಡಾ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ನಮ್ಮ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು, ಅರಿವಳಿಕೆ ಕೊಟ್ಟವಳು ನಾನೇ. ಮಾಸ್ಕು, ಗೌನು, ಮುಖಕ್ಕೆ ಗಾಜು, ಇಷ್ಟೆಲ್ಲದರ ಒಳಗೂ ಅವರು ನನ್ನನ್ನು ಗುರುತು ಹಿಡಿದರು. ನಿದ್ದೆ ಹತ್ತುವ ಮುಂಚೆ ಕೇಳಿದ್ದು ಒಂದೇ, "ಒಲೆ ಉರೀತಿದೆಯಾ?" ಉರಿಯುತ್ತಿದೆ ಎಂದೆ. ಕಣ್ಣು ಮುಚ್ಚಿದರು.

ಇನ್ನು ಜೂನ್ ಕೊನೆಯವರೆಗೆ ನಡಿಗೆ ಕಲಿಸುವ ಆರೈಕೆ ಮನೆಯಲ್ಲಿರುತ್ತಾರೆ. ಯಾರೂ ನೋಡಲು ಹೋಗುವ ಹಾಗಿಲ್ಲ. ಅವರು ಮನೆಗೆ ಬರುವಷ್ಟರಲ್ಲಿ ಏನಾದರೂ ಮಾಡಬೇಕು ಅತ್ತೆ, ಇಷ್ಟು ಕೊಟ್ಟವರಿಗೆ ನಾನು ಒಂದು ಹೂವನ್ನೂ ಕೊಟ್ಟಿಲ್ಲ. ನಿಮ್ಮ ಮಾತು ತಲೆಯಲ್ಲಿ ಕೂತಿದೆ. ಇಂಟರ್‌ನೆಟ್ಟಿನಲ್ಲಿ ಕಾಲುವೆ ದೋಣಿಗಳ ಬಣ್ಣ ಹುಡುಕಿದರೆ ಎಷ್ಟು ಚಂದದ ಚಿತ್ರಗಳು! ಬಾಗಿಲು, ಬಕೆಟ್ಟು, ನೀರಿನ ಜಗ್ಗಿನ ಮೇಲೂ ಗುಲಾಬಿಗಳ ಗೊಂಚಲು, ಕೋಟೆ, ಕೋಟೆಯ ಮುಂದೆ ಕೆರೆ. ಕೆಲಸದ ದೋಣಿಗಳ ಸಂಪ್ರದಾಯವೇ ಇದು ಎಂದು ಬರೆದಿದ್ದಾರೆ. ಇವರ ದೋಣಿಯ ಬಣ್ಣ ಹೋಗಿ ಬರೀ ಕಪ್ಪು ಉಳಿದಿದೆ ಅಷ್ಟೆ. ಚಿತ್ರಗಳನ್ನು ಹರ್ಷನಿಗೆ ಕಳಿಸಿದ್ದೇನೆ. ನನ್ನ ಕೈ ಇಂಜೆಕ್ಷನ್ನಿಗೆ ಸರಿ, ಗುಲಾಬಿಗೆ ಆಗದು. ನೀವು ಬಿಡಿಸಿ ಕಳಿಸಿದರೆ ನೋಡಿಕೊಂಡು ಬರೆಯುತ್ತೇನೆ. ಯಾವುದು ಮೊದಲು, ಯಾವುದು ಆಮೇಲೆ ಎಂದೂ ತಿಳಿಸಿ.

ಅಪರ್ಣಾ


ಲೂಕನ್
26 ಮೇ 2020

ಅಪರ್ಣಾ,

ನೀರಜಾಳ ಡ್ರಾಯಿಂಗ್ ಪುಸ್ತಕದ ಹಾಳೆಗಳಲ್ಲಿ ಬಿಡಿಸಿ ಇದರೊಳಗೆ ಇಟ್ಟಿದ್ದೇನೆ. ಅವಳಿಗೆ ಕೋಪ ಬಂದಿದೆ, ಹೊಸ ಪುಸ್ತಕ ತರಿಸಿಕೊಡು. ಗುಲಾಬಿ ಸುಲಭ. ಮೊದಲು ಗಾಢ ಕೆಂಪಿನ ಒಂದು ಉಂಡೆ, ಅದು ಒಣಗಿದ ಮೇಲೆ ತಿಳಿ ಬಣ್ಣದಲ್ಲಿ ಒಂದೊಂದೇ ಎಸಳು, ಬ್ರಷ್ಷನ್ನು ಒತ್ತಿ ಎಳೆದರೆ ಎಸಳು ತಾನೇ ಬರುತ್ತದೆ. ಕೋಟೆಯದೇ ಕಷ್ಟವಾಯಿತು. ನೀನು ಕಳಿಸಿದ ಕೋಟೆ ಮದುವೆ ಮನೆಯ ಕೇಕಿನ ಹಾಗಿದೆ, ಅದರಲ್ಲಿ ಯಾವ ರಾಜ ಇರಬಲ್ಲ? ನನಗೆ ಗೊತ್ತಿರುವ ಕೋಟೆ ಒಂದೇ, ನಮ್ಮ ಚಿತ್ರದುರ್ಗದ್ದು. ಅದನ್ನೇ ಬಿಡಿಸಿದ್ದೇನೆ. ಬಂಡೆ, ಬುರುಜು, ಒಂದು ಬಾಗಿಲು. ಬ್ರೀಡಾ ಕೇಳಿದರೆ ಒಳ್ಳೆಯ ಗಟ್ಟಿ ಕೋಟೆ ಎಂದು ಹೇಳು.

ಬಹಳ ಮುಖ್ಯ: ಹಳೆಯ ಬಣ್ಣದ ಮೇಲೆ ಹಾಗೆಯೇ ಹೊಸದನ್ನು ಬಳಿಯಬೇಡ, ವರ್ಷದೊಳಗೆ ಹೊಪ್ಪಳೆ ಏಳುತ್ತದೆ. ಜಯರಾಮ ಮೊದಲು ಸಡಿಲವಾದದ್ದೆಲ್ಲ ಕೆರೆದು, ಉಪ್ಪುಕಾಗದ ಹಾಕಿ ಉಜ್ಜಿ, ಒರೆಸಿ, ಆಮೇಲೆ ಬ್ರಷ್ ಮುಟ್ಟುತ್ತಿದ್ದ. ಆ ಬಿಳಿ ಚೂರುಗಳು ಒಂದೂ ಉಳಿಯಬಾರದು.

ಬಹಳ ವರ್ಷವಾಗಿತ್ತು ಕಣೇ ನಾನು ಹೂವು ಬಿಡಿಸಿ. ನಿನ್ನ ಮಾವನವರು ಹೋದ ಮೇಲೆ ಇದೇ ಮೊದಲು.

ಲೀಲಾವತಿ


ಶ್ಯಾನನ್ ಹಾರ್ಬರ್
14 ಜೂನ್ 2020

ಪ್ರೀತಿಯ ಅತ್ತೆ,

ಮುಗಿಯಿತು! ಎರಡು ವಾರ ರಜೆ ಸಿಕ್ಕಿತ್ತು, ಹಾಗಾಗಿ ದಿನಕ್ಕಿಷ್ಟು ಎಂದು ಕೂತು ಬರೆದೆ. ಇಲ್ಲಿ ಲಾಕ್ ನೋಡಿಕೊಳ್ಳುವ ಫಿಂಟನ್ ಎಂಬ ಹಿರಿಯರಿದ್ದಾರೆ, ದೋಣಿಗಳನ್ನು ಮೇಲಿನ ನೀರಿನಿಂದ ಕೆಳಗಿನ ನೀರಿಗೆ ಇಳಿಸುವ ಕಟ್ಟೆಯ ಬಾಗಿಲು ಅವರ ಕೈಯಲ್ಲಿ. ಅವರೂ ಎಪ್ಪತ್ತು ದಾಟಿದವರಾದ್ದರಿಂದ ಮನೆಯೊಳಗೇ ಇದ್ದಾರೆ. ಹಾರ್ಬರಿನಲ್ಲಿ ನರಪಿಳ್ಳೆ ಇಲ್ಲ, ನಾನು ಮತ್ತು ಬಾತುಕೋಳಿಗಳು.

ನೀವು ಹೇಳಿದ ಹಾಗೆಯೇ ಮಾಡಿದೆ. ಬಿಳಿ ಚೂರುಗಳನ್ನು ಒಂದೂ ಬಿಡದೆ ಕೆರೆದೆ, ಉಗುರಿನಲ್ಲಿ ಮುಟ್ಟಿದರೇ ಉದುರುತ್ತಿದ್ದವು. ಬ್ರೀಡಾ ಅವರ ಕಿಟಕಿಗೆ ನೇರವಾಗಿ ಕಾಣುವ ಕಡೆ ನಿಮ್ಮ ಗುಲಾಬಿಗಳ ದೊಡ್ಡ ಗೊಂಚಲು. ಹಿಂದಿನ ಪುಟ್ಟ ಬಾಗಿಲಿಗೆ ನಿಮ್ಮ ಕೋಟೆ. ಬುರುಜುಗಳು ಸ್ವಲ್ಪ ಇಡ್ಲಿಯಂತಾಗಿವೆ, ಕ್ಷಮಿಸಿ. ಇಲ್ಲಿನ ಬಣ್ಣ ತುಂಬ ಚೆನ್ನಾಗಿದೆ, ಡಬ್ಬಿಯ ಮೇಲೆ ಬಗ್ಗಿ ಕೂತಿದ್ದರೂ ಚೂರೂ ವಾಸನೆಯಿಲ್ಲ.

ಫೋಟೋ ಕಳಿಸಿದ್ದೇನೆ. ಬ್ರೀಡಾ ಜುಲೈ ಎರಡಕ್ಕೆ ಬರುತ್ತಾರೆ. ಅವರ ಮುಖ ನೋಡುವುದಕ್ಕೆ ನನಗೆ ತಡೆಯಲಾಗುತ್ತಿಲ್ಲ.

ಅಪರ್ಣಾ


ಲೂಕನ್
22 ಜೂನ್ 2020

ಅಪರ್ಣಾ,

ಅಂಚೆಯವರು ಮನೆಮನೆಗೆ ಪುಕ್ಕಟೆ ಕೊಟ್ಟ ಕಾರ್ಡು ಇದು, ಜಾಗ ಕಡಿಮೆ. ಫೋಟೋ ನೋಡಿ ಕಣ್ಣು ತುಂಬಿ ಬಂತು. ನೋಡಿದ್ದರೆ ಜಯರಾಮನೂ ತಲೆದೂಗುತ್ತಿದ್ದ. ವಾಸನೆಯೇ ಇಲ್ಲದ ಬಣ್ಣವಂತೆ, ಫಾರಿನ್ ಎಂದರೆ ಫಾರಿನ್ನೇ. ಬ್ರೀಡಾ ಏನಂದಳು ಎಂದು ಕೂಡಲೇ ಬರೆ. ಒಂದು ಅಕ್ಷರವೂ ಬಿಡಬೇಡ.

ಲೀಲಾವತಿ


ಲೂಕನ್
10 ಜುಲೈ 2020

ಅಪರ್ಣಾ,

ಬ್ರೀಡಾ ಎರಡನೇ ತಾರೀಖಿಗೆ ಬಂದಿರಬೇಕು. ನಿನ್ನಿಂದ ಒಂದು ಕಾಗದವಿಲ್ಲ. ಹರ್ಷನನ್ನು ಕೇಳಿದರೆ "ಅವಳನ್ನೇ ಕೇಳಮ್ಮ" ಎಂದು ಕಂಪ್ಯೂಟರಿನೊಳಗೆ ಮುಖ ಹೂತುಕೊಳ್ಳುತ್ತಾನೆ. ನನ್ನ ಗುಲಾಬಿ ಎಲೆಕೋಸಿನ ಹಾಗೆ ಕಂಡವೇನೋ ಎಂದು ಎರಡು ದಿನ ಚಿಂತೆ ಮಾಡಿದೆ. ಕಂಡರೆ ಕಾಣಲಿ, ಹೇಳಿಬಿಡು, ನನಗೇನೂ ಬೇಸರವಿಲ್ಲ.

ಆದರೆ ನಿನ್ನೆ ಹರ್ಷ ಹಿತ್ತಲಿನ ಬೇಲಿಗೆ ಬಣ್ಣ ಬಳಿದ. ಅಬ್ಬಬ್ಬಾ, ಆ ವಾಸನೆಗೆ ನನಗೆ ಸಂಜೆಯವರೆಗೂ ತಲೆನೋವು. ಡಬ್ಬಿ ತರಿಸಿ ನೋಡಿದೆ, ಇಲ್ಲಿಯ ಅಂಗಡಿಯದೇ, ನೀನು ಫೋಟೋದಲ್ಲಿ ಕಾಲ ಬಳಿ ಇಟ್ಟುಕೊಂಡದ್ದೂ ಅದೇ ಡಬ್ಬಿ. ಟಿವಿಯಲ್ಲಿ ದಿನಾ ಹೇಳುತ್ತಾರೆ, ಈ ರೋಗ ಬಂದವರಿಗೆ ವಾಸನೆ ಹೋಗುತ್ತದೆಂದು. ಕಿವಿ ಕೇಳದಿದ್ದರೂ ಕೆಳಗೆ ಅಕ್ಷರ ಬರುತ್ತದೆ, ಓದುತ್ತೇನೆ.

ಎರಡು ವಾರ ರಜೆ ಎಂದೆಯಲ್ಲ. ಈ ಕಾಲದಲ್ಲಿ ಐಸಿಯು ಡಾಕ್ಟರಿಗೆ ರಜೆ ಕೊಟ್ಟವರು ಯಾರು? ನಿಜ ಹೇಳು.

ಲೀಲಾವತಿ


ಶ್ಯಾನನ್ ಹಾರ್ಬರ್
19 ಜುಲೈ 2020

ಪ್ರೀತಿಯ ಅತ್ತೆ,

ಹೌದು, ಬಂದಿತ್ತು. ಜ್ವರ ನಾಲ್ಕು ದಿನ, ಸುಸ್ತು ಸ್ವಲ್ಪ ಹೆಚ್ಚು ದಿನ, ಉಸಿರಿಗೆ ಏನೂ ಆಗಲಿಲ್ಲ. ಹರ್ಷನಿಗೆ ಗೊತ್ತಿತ್ತು. ನಿಮಗೆ ಹೇಳಬೇಡ ಎಂದು ಆಣೆ ಹಾಕಿಸಿದ್ದೆ, ಅವನನ್ನು ಬೈಯಬೇಡಿ. ಈಗ ಪೂರ್ತಿ ಗುಣವಾಗಿದ್ದೇನೆ, ಮೊನ್ನೆಯಿಂದ ಕಾಫಿಯ ವಾಸನೆಯೂ ವಾಪಸು ಬಂದಿದೆ. ಎಲ್ಲಿಯೂ ಹೋಗಲಾಗದ ಆ ಎರಡು ವಾರ ನಿಮ್ಮ ಹೂವುಗಳಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು.

ಕಾಗದ ಬರೆಯದಿದ್ದದ್ದು ಇದಕ್ಕಲ್ಲ.

ಬ್ರೀಡಾ ಎರಡನೇ ತಾರೀಖು ಫಿಂಟನ್ ಅವರ ಕಾರಿನಲ್ಲಿ ಬಂದರು. ನಾನು ಕಟ್ಟೆಯ ತುದಿಯಲ್ಲಿ ನಗುತ್ತ ನಿಂತಿದ್ದೆ. ವಾಕರ್ ಹಿಡಿದು ಇಳಿದರು, ದೋಣಿ ನೋಡಿದರು. ಬಹಳ ಹೊತ್ತು ನೋಡಿದರು. ಒಳಗೆ ಹೋಗಿ ಕಿಟಕಿಯ ಪರದೆ ಎಳೆದರು. ದಣಿದಿದ್ದಾರೆ ಅಂದುಕೊಂಡೆ. ಮಾರನೆಯ ದಿನವೂ ಪರದೆ ತೆಗೆಯಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ಆಮೇಲೆ ಫಿಂಟನ್ ಬಂದು, ಟೋಪಿ ತೆಗೆದು ಕೈಯಲ್ಲಿ ತಿರುಗಿಸುತ್ತ ಹೇಳಿದರು.

ಆ ಬಿಳಿ ಚೂರುಗಳು ಅಕ್ಷರಗಳಾಗಿದ್ದವು ಅತ್ತೆ. ಮೇಲೆ ದೋಣಿಯ ನಂಬರು, 91ಬಿ. ಕಂಪನಿಯದಲ್ಲದ, ಸ್ವಂತ ವ್ಯಾಪಾರದ ದೋಣಿಗಳಿಗೆ ಬಿ ಎಂದು ಹಾಕುತ್ತಿದ್ದರಂತೆ. ಕೆಳಗೆ "ಡೇಲಿ ಅಂಡ್ ಸನ್ಸ್", ಅಂದರೆ ಡೇಲಿ ಮತ್ತು ಗಂಡುಮಕ್ಕಳು. ಬ್ರೀಡಾ ಅವರ ಅಪ್ಪ ಪ್ರತಿ ವಸಂತದಲ್ಲೂ ತಾವೇ ಬರೆಯುತ್ತಿದ್ದರು. ವ್ಯಾಪಾರ ನಿಂತ ವರ್ಷ ಕೊನೆಯ ಸಲ ಬರೆದರು. ಹತ್ತಿರದಿಂದ ನೋಡಿದರೆ ಬರೀ ಸಿಪ್ಪೆ, ಆದರೆ ಆ ಕಿಟಕಿಯಿಂದ ನೋಡಿದರೆ ಓದಲು ಬರುತ್ತಿತ್ತಂತೆ. ಅಪ್ಪ ಸತ್ತ ಮೇಲೆ ನಲವತ್ತು ವರ್ಷ ಬ್ರೀಡಾ ಅದನ್ನು ನೋಡುತ್ತಲೇ ಬೆಳಗಿನ ಟೀ ಕುಡಿದಿದ್ದಾರೆ. ಅದನ್ನು ನಾನು ಉಪ್ಪುಕಾಗದ ಹಾಕಿ ಉಜ್ಜಿದೆ.

ಇನ್ನೊಂದು ಕೇಳಿ. ಗುಲಾಬಿ, ಕೋಟೆ ಎಲ್ಲ ಇಂಗ್ಲೆಂಡಿನ ದೋಣಿಗಳ ಸಂಪ್ರದಾಯವಂತೆ. ಅಲ್ಲಿ ಹೆಂಡತಿ ಮಕ್ಕಳೆಲ್ಲ ದೋಣಿಯಲ್ಲೇ ಬದುಕುತ್ತಿದ್ದರು, ಅದನ್ನು ಮನೆಯ ಹಾಗೆ ಸಿಂಗರಿಸಿದರು. ಇಲ್ಲಿ ಹೆಚ್ಚಾಗಿ ಗಂಡಸರು ಮಾತ್ರ ದೋಣಿಯಲ್ಲಿ ದುಡಿದು ಮನೆಗೆ ಬರುತ್ತಿದ್ದರು. ಕಪ್ಪು ಬಣ್ಣ, ಬಿಳಿ ಅಕ್ಷರ, ಅಷ್ಟೇ ಅವರ ಸಿಂಗಾರ. ಐರ್ಲೆಂಡಿನವರ ಅಪ್ಪನ ಹೆಸರಿನ ಮೇಲೆ ನಾನು ಅವರನ್ನು ಆಳಿದ್ದ ಇಂಗ್ಲೆಂಡಿನ ಹೂವು ಬರೆದೆ.

ಕ್ಷಮೆ ಕೇಳಿ ಬೀಗದ ಕೈ ಹಿಂತಿರುಗಿಸಲು ಹೋದೆ. ಬಾಗಿಲು ತೆಗೆಯಲಿಲ್ಲ. ಒಳಗಿನಿಂದಲೇ ಹೇಳಿದರು, "ಕೀ ಇಟ್ಕೋ. ಒಲೆ ಆರೋಕೆ ಬಿಡ್ಬೇಡ." ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನನ್ನನ್ನು ಇಟ್ಟುಕೊಂಡವರಿಗೆ ನಾನು ಹೀಗೆ ಮಾಡಿದೆ. ಇದನ್ನು ಹೇಗೆ ಸರಿಮಾಡುವುದೆಂದು ಗೊತ್ತಾಗುತ್ತಿಲ್ಲ.

ಅಪರ್ಣಾ


ಲೂಕನ್
28 ಜುಲೈ 2020

ಅಪರ್ಣಾ,

ಹರ್ಷನನ್ನು ಬೈದಿದ್ದೇನೆ. ನಿನ್ನನ್ನು ಎದುರಿಗೆ ಸಿಕ್ಕಾಗ ಬೈಯುತ್ತೇನೆ. ಜ್ವರದಲ್ಲಿ ಒಬ್ಬಳೇ ಮಲಗಿದ್ದೆಯಲ್ಲೇ, ಒಂದು ಲೋಟ ಗಂಜಿ ಕೊಡಲು ಜನವಿಲ್ಲದೆ. ಆಗ ಮೈಗೆ ಬೆಚ್ಚಗಿದ್ದದ್ದು ಬ್ರೀಡಾಳ ಒಲೆಯೊಂದೇ.

ಹಳೆಯ ಬಣ್ಣ ಕೆರೆ ಎಂದವಳು ನಾನು. ಒಂದೂ ಉಳಿಯಬಾರದು ಎಂದು ಒತ್ತಿ ಬರೆದವಳೂ ನಾನು. ಜೊತೆಗಿರುವ ಹಾಳೆ ಅವಳಿಗೆ. ಇಂಗ್ಲಿಷಿಗೆ ಮಾಡಿ ಅವಳ ಕಿಟಕಿಯ ಕೆಳಗೆ ನಿಂತು ಗಟ್ಟಿಯಾಗಿ ಓದು. ನಡುವೆ ನಿನ್ನದೇನೂ ಸೇರಿಸಬೇಡ.

ಲೀಲಾವತಿ

*

ಬ್ರೀಡಾ ಡೇಲಿಯವರಿಗೆ ನಮಸ್ಕಾರ.

ನಾನು ಅಪರ್ಣಾಳ ಅತ್ತೆ, ಲೀಲಾವತಿ. ನಿಮ್ಮ ತಂದೆಯವರ ಅಕ್ಷರ ಕೆರೆಸಿದವಳು ನಾನು. ನನ್ನ ಸೊಸೆ ನಾನು ಹೇಳಿದ್ದನ್ನು ಮಾಡಿದಳು. ನಮ್ಮ ಕಡೆ ಬಣ್ಣವಿಲ್ಲದ ಗಾಡಿ ಇಲ್ಲ, ಹಾಗಾಗಿ ನಿಮ್ಮ ದೋಣಿಗೆ ಏನೂ ಇಲ್ಲವೆಂದು ನಾನು ತಿಳಿದೆ. ಕೇಳಬೇಕಿತ್ತು, ಕೇಳಲಿಲ್ಲ.

ನನ್ನ ಯಜಮಾನರು ತೀರಿಕೊಂಡ ಮೇಲೆ ನಮ್ಮ ಲಾರಿಗಳನ್ನು ಮಾರಿದೆವು. ಒಂದು ದಿನ ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ ಅದರಲ್ಲೊಂದು ನನ್ನ ಎದುರಿಗೇ ಬಂದು ನಿಂತಿತು. ನಾನು ಬಿಡಿಸಿದ ಹೂವು ಹಾಗೆಯೇ ಇತ್ತು. ಲಾರಿ ಕೊಂಡವನು ನಮ್ಮ ಯಜಮಾನರ ಹೆಸರನ್ನು ಅಳಿಸಿ ತನ್ನ ಹೆಸರು ಬರೆಸಿದ್ದ. ಅವನದು ತಪ್ಪಲ್ಲ, ಲಾರಿ ಅವನದು. ಆದರೂ ಆ ದಿನ ನಾನು ಬಸ್ಸು ಹತ್ತಲಿಲ್ಲ, ಬೆಂಚಿನ ಮೇಲೆ ಕೂತುಬಿಟ್ಟೆ. ಅದಕ್ಕೇ ನಿಮ್ಮ ಪರದೆಯ ವಿಷಯ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕ್ಷಮಿಸಿ ಎಂದು ಕೇಳಿದರೆ ಕ್ಷಮಿಸುವ ಹೊರೆಯೂ ನಿಮ್ಮ ಮೇಲೆಯೇ ಬೀಳುತ್ತದೆ, ಕೇಳುವುದಿಲ್ಲ. ಹೇಳಬೇಕಾದದ್ದು ಬೇರೆಯಿದೆ. ವಿಮಾನಗಳೆಲ್ಲ ನಿಂತು ಇಲ್ಲೇ ಸಿಕ್ಕಿಕೊಂಡಿದ್ದ ನನಗೆ ಜೂನಿನಲ್ಲಿ ಊರಿಗೆ ಹೋಗಲು ವಿಶೇಷ ವಿಮಾನದಲ್ಲಿ ಜಾಗ ಸಿಕ್ಕಿತ್ತು. ನಾನು ಒಲ್ಲೆ ಎಂದೆ, ಅಪರ್ಣಾಳಿಗೆ ಇದು ಗೊತ್ತಿಲ್ಲ. ನನ್ನ ಮಗನ ಸಂಸಾರವನ್ನು ಕಾಪಾಡಿದವರನ್ನು ಒಂದು ಸಲ ಕಣ್ಣಾರೆ ನೋಡದೆ ಹೊರಟುಹೋಗುವುದು ನನಗೆ ಆಗಲಿಲ್ಲ. ನಾನು ಇವತ್ತು ಬದುಕಿರುವುದು, ನನ್ನ ಮೊಮ್ಮಗಳಿಗೆ ಅಮ್ಮ ಇರುವುದು, ನಿಮ್ಮ ಒಲೆಯ ದಯೆ. ನೀವು ಬಾಗಿಲು ತೆಗೆಯದಿದ್ದರೂ ಇದು ನಿಜ. ನಿಮ್ಮ ಉಪಕಾರವನ್ನು ನಾನು ಮರೆಯುವುದಿಲ್ಲ.

ಲೀಲಾವತಿ


ಶ್ಯಾನನ್ ಹಾರ್ಬರ್
16 ಆಗಸ್ಟ್ 2020

ಪ್ರೀತಿಯ ಅತ್ತೆ,

ನಿನ್ನೆ ನೀವೆಲ್ಲ ಇಲ್ಲಿರಬೇಕಿತ್ತು. ನೀವು ಇಲ್ಲಿಗೆ ಹೊರಡಬೇಕೆನ್ನುವಾಗ ಸರಿಯಾಗಿ ಏಳನೇ ತಾರೀಖಿಗೇ ಆಫಲಿಗೆ ಮತ್ತೆ ಬೀಗ ಹಾಕಿದರು, ಜಿಲ್ಲೆಯ ಒಳಗೆ ಬರುವ ಹಾಗಿಲ್ಲ, ಹೋಗುವ ಹಾಗಿಲ್ಲ. ನೀವು ಚಕ್ಕುಲಿ ಮಾಡಿಟ್ಟುಕೊಂಡು ಕಾಯುತ್ತಿದ್ದಿರೆಂದು ಹರ್ಷ ಹೇಳಿದ. ಬ್ರೀಡಾ ಅವರನ್ನು ನೋಡಲೆಂದೇ ನೀವು ವಿಮಾನ ಬಿಟ್ಟಿರಿ ಎಂದು ಆ ಹಾಳೆಯಲ್ಲಿ ಓದಿದೆ. ಆದ್ದರಿಂದ ಇಲ್ಲಿ ಆದದ್ದನ್ನೆಲ್ಲ ಬರೆಯುತ್ತೇನೆ.

ಕಿಟಕಿಯ ಕೆಳಗೆ ನಿಂತು ನಿಮ್ಮ ಕಾಗದ ಓದಿದೆ. ಪರದೆ ಅಲುಗಲಿಲ್ಲ. ಬಸ್ ಸ್ಟ್ಯಾಂಡಿನ ಭಾಗವನ್ನೂ ನಿಮ್ಮ ಅಪ್ಪಣೆಯಂತೆ ನನ್ನದೇನೂ ಸೇರಿಸದೆ ಮುಗಿಸಿದೆ. ಹೊರಡಲು ತಿರುಗಿದಾಗ ಒಳಗಿನಿಂದ ಬ್ರೀಡಾ ಕೇಳಿದರು.

"ಆ ಲಾರಿ ಯಾವ ಬಣ್ಣ?"

ನನಗೆ ಗೊತ್ತಿರಲಿಲ್ಲ. ಅಲ್ಲೇ ನಿಂತು ಹರ್ಷನಿಗೆ ಫೋನ್ ಮಾಡಿದೆ. ಹಳದಿ, ಅಂಚಿಗೆ ಹಸಿರು ಎಂದ. ಹೇಳಿದೆ. "ಚೆನ್ನಾಗಿರುತ್ತೆ" ಎಂದರು. ಅಷ್ಟೆ. ಅದಾಗಿ ಒಂದು ವಾರ ಏನೂ ಇಲ್ಲ.

ಮೊನ್ನೆ ಶುಕ್ರವಾರ ಬೆಳಿಗ್ಗೆ ದೋಣಿಗೆ ಕೋಲಿನ ಏಟು ಬಿತ್ತು. ಆ ಸದ್ದು ಕೇಳಿ ಎಷ್ಟು ದಿನವಾಗಿತ್ತು! ಓಡಿ ಬಂದು ನೋಡಿದರೆ ಬ್ರೀಡಾ ಒಂದು ಕೈಯಲ್ಲಿ ವಾಕರ್, ಇನ್ನೊಂದರಲ್ಲಿ ಕೋಲು ಹಿಡಿದು ನಿಂತಿದ್ದಾರೆ, ಹಿಂದೆ ಫಿಂಟನ್ ಕುರ್ಚಿ ಹೊತ್ತಿದ್ದಾರೆ. "ಕಪ್ಪು ಪೇಂಟ್ ಇದೆ, ತಗೋ. ನಿಮ್ಮತ್ತೆ ಹೂವು ಚೆನ್ನಾಗಿದೆ, ಜಾಗ ಚೆನ್ನಾಗಿಲ್ಲ. ಮುಚ್ಚು" ಎಂದರು. ನಾನು ಆ ಹೂವುಗಳ ಮೇಲೆ ಕಪ್ಪು ಬಳಿದೆ. ನಿಮ್ಮ ಒಂದೊಂದು ಎಸಳು ಹೋಗುವಾಗಲೂ ಮನಸ್ಸು ಕಿವುಚಿತು, ಸುಳ್ಳು ಹೇಳುವುದಿಲ್ಲ. ಹಿಂದಿನ ಬಾಗಿಲಿಗೆ ಬಂದಾಗ ಅವರು ಕೋಲು ಎತ್ತಿ ತಡೆದರು.

"ನಿಲ್ಲು. ಈ ಕೋಟೆ ಇಂಗ್ಲಿಷರದಾ?"

"ಅಲ್ಲ, ನಮ್ಮತ್ತೆ ಊರಿಂದು."

"ಹಾಗಿದ್ರೆ ಇರ್ಲಿ ಬಿಡು."

ನಿಮ್ಮ ಚಿತ್ರದುರ್ಗ ಉಳಿಯಿತು.

ಕಪ್ಪು ಒಣಗಿ ನಿನ್ನೆ ಬಿಳಿಯ ಸರದಿ. ಮೊದಲು ದಾರಕ್ಕೆ ಸೀಮೆಸುಣ್ಣ ಸವರಿ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅವರು. ಎಳೆದು ಬಿಟ್ಟಾಗ ದೋಣಿಯ ಮೇಲೆ ನೇರ ಗೆರೆ ಬಿತ್ತು. ಬ್ರೀಡಾ ಫಿಂಟನ್ ಅವರನ್ನು ತಮ್ಮ ಮನೆಯ ಕಿಟಕಿಯ ಬಳಿ ನಿಲ್ಲಿಸಿದ್ದರು. ಅಲ್ಲಿಂದ ಸರಿ ಕಂಡರೆ ಮಾತ್ರ ಸರಿ. ಅವರು ಅಲ್ಲಿಂದ "ಮೇಲೆ! ಇನ್ನೊಂಚೂರು ಮೇಲೆ!" ಎಂದು ಕೂಗುವುದು, ಇವರು "ನಂಗೊತ್ತು, ಸುಮ್ನಿರೋ" ಎಂದು ಗದರುವುದು. ನಾನು ಬ್ರಷ್ ಕೈಗೆತ್ತಿಕೊಂಡು, ಅಕ್ಷರ ಹೇಗಿತ್ತೆಂದು ಹೇಳಿದರೆ ಹಾಗೆಯೇ ಬರೆಯುತ್ತೇನೆ ಎಂದೆ.

ಬ್ರೀಡಾ ನನ್ನನ್ನು ನೋಡಿದರು. ಎಷ್ಟೋ ದಿನದ ಮೇಲೆ ನೇರವಾಗಿ ನನ್ನ ಮುಖ ನೋಡಿದ್ದು.

"ಪ್ರತಿ ವರ್ಷ ಒಂದೊಂದು ಚೂರು ಉದುರ್ತಿತ್ತು. ಕಿಟಕೀಲಿ ಕೂತು ನೋಡ್ತಿದ್ದೆ. ಒಂದಿನ ಏನೂ ಉಳಿಯಲ್ಲ ಅಂತ ಗೊತ್ತಿತ್ತು. ಆದ್ರೂ ಅಪ್ಪನ ಕೈಬರಹದ ಮೇಲೆ ನನ್ನ ಕೈ ಹೇಗೆ ಹಾಕ್ಲಿ? ನಂಬರ್ ಬರೆಯೋದು ಗಂಡುಮಕ್ಕಳ ಕೆಲಸ ಅಂತಿದ್ದ ಅಪ್ಪ. ಅಣ್ಣಂದಿರ ಕೈಗೆ ಬ್ರಷ್, ನನ್ನ ಕೈಗೆ ಡಬ್ಬ. ನೀನು ಎಲ್ಲಾ ಉಜ್ಜಿ ಹಾಕ್ದೆ. ಬಂದ ದಿನ ನಿನ್ನನ್ನ ಕಾಲುವೆಗೆ ತಳ್ಳೋಣ ಅನ್ನಿಸ್ತು. ಈಗ ನೋಡಿದ್ರೆ, ಹಾಳಾಗುತ್ತೆ ಅಂತ ಹೆದರೋಕೆ ಏನೂ ಉಳಿದಿಲ್ಲ. ಬ್ರಷ್ ಕೊಡು. ನೀನು ಡಬ್ಬ ಹಿಡ್ಕೋ."

ನಾನು ಡಬ್ಬ ಹಿಡಿದೆ ಅತ್ತೆ. ಕುರ್ಚಿಯನ್ನು ದೋಣಿಗೆ ತಾಗಿಸಿ ಕೂತರು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಹಿಡಿದುಕೊಂಡರು. ಮೊದಲ ಗೆರೆ ನಡುಗಿತು. ಎರಡನೆಯದಕ್ಕೆ ಕೈ ಕುದುರಿತು. ನಂಬರು ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಬ್ರೆಡ್ಡು ತಿಂದು, ಟೀ ಕುಡಿದು, ಕುರ್ಚಿ ಸರಿಸಿಕೊಂಡು ಕೆಳಗಿನ ಸಾಲು ಶುರು ಮಾಡಿದರು. ಅಕ್ಷರ ಒಂದಕ್ಕಿಂತ ಒಂದು ಸ್ವಲ್ಪ ದಪ್ಪ. ಅವರಿಗೆ ಅದರ ಚಿಂತೆಯಿರಲಿಲ್ಲ, ಬೆವರು ಒರೆಸಿಕೊಳ್ಳುತ್ತ ಬರೆಯುತ್ತಿದ್ದರು, ಬಾಯಲ್ಲಿ ಏನೋ ಗುನುಗುತ್ತಿದ್ದರು. ನಿಮಗೆ ಚಿಕ್ಕಂದಿನ ಬ್ರೀಡಾ ಹೇಗಿದ್ದಿರಬಹುದೆಂದು ನೋಡಬೇಕೆನಿಸಿದರೆ, ನಿನ್ನೆ ಮಧ್ಯಾಹ್ನ ಇಲ್ಲಿರಬೇಕಿತ್ತು.

"ಡೇಲಿ" ಮುಗಿಯಿತು. ಬ್ರೀಡಾ ಹಿಂದಕ್ಕೆ ಒರಗಿದರು. ಸೀಮೆಸುಣ್ಣದ ಗೆರೆ ಇನ್ನೂ ಮುಂದಕ್ಕೆ ಹೋಗಿತ್ತು, ನಾನು ಡಬ್ಬವನ್ನು ಹಾಗೇ ಹಿಡಿದು ಕಾದೆ.

"ಇನ್ನೂ ಜಾಗ ಇದೆ ಬ್ರೀಡಾ!" ಎಂದು ಕಿಟಕಿಯಿಂದ ಫಿಂಟನ್ ಕೂಗಿದರು. "ಅಂಡ್ ಸನ್ಸ್ ಬಾಕಿ!"

ಬ್ರೀಡಾ ಬ್ರಷ್ಷನ್ನು ಟರ್ಪೆಂಟೈನಿಗೆ ಅದ್ದಿ ಚಿಂದಿಯಲ್ಲಿ ಒರೆಸತೊಡಗಿದರು.

"ಸನ್ಸ್ ಇಬ್ರೂ ಬಾಸ್ಟನ್‌ಗೆ ಹೋಗಿ ಅರವತ್ತು ವರ್ಷ ಆಯ್ತು," ಎಂದರು. "ದೋಣಿ ನೋಡ್ಕೊಂಡೋಳು ನಾನು."

ನಿಮ್ಮ
ಅಪರ್ಣಾ